ಗೊಂಬೆಗೆ ಹೇಳಿದ ಕಥೆ

ಹಾಡು, ಒಗಟು, ಕಥೆ ಇವೆಲ್ಲ ಹೆಂಗಸರು ಹೊತ್ತು ಕಳೆಯುವ ಆಟಗಳೆಂದು ಬಹುಕಾಲ ತಿಳಿದಿದ್ದರು. ಅದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಆಟವೆಂದುಕೊಂಡಿದ್ದರಿಂದಲೇ ಯಾರೂ ಅದಕ್ಕೆ ಅಡ್ಡ ಬರಲಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟಳೆಯಿದ್ದಾಗಲೂ ಉತ್ತರ ಕರ್ನಾಟಕದ ಮದುವೆಮನೆಗಳಲ್ಲಿ ಮದುಮಗಳು ಪ್ರಾಸ ಕೂಡಿಸಿ, ಒಡಪಿನಲ್ಲಿ ಆ ಹೆಸರನ್ನು ಹೇಳಬಹುದಿತ್ತು. ಸುತ್ತಲಿದ್ದವರು ನಕ್ಕು ಮೆಚ್ಚುತ್ತಿದ್ದರು. ಕಟ್ಟಳೆಯೂ ಉಳಿಯಿತು, ಅವಳ ಮಾತೂ ಹೊರಬಂತು!

ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳೂ ಹೀಗೆಯೇ. ಹಲಸಂಗಿಯ ಗೆಳೆಯರು ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವಾದವು. ತವರಿನ ಹಂಬಲ, ತೊಟ್ಟಿಲ ಕೂಸಿನ ಮುದ್ದು ಎಲ್ಲ ಅದರಲ್ಲಿವೆ. ಕಟ್ಟಿ ಹಾಡಿದ ತಾಯಂದಿರ ಹೆಸರುಗಳು ಮಾತ್ರ ನಮಗೆ ದಕ್ಕಿಲ್ಲ.

ಕಥೆಗಳನ್ನು ಹೀಗೆ ಹುಡುಕಿ ಕೂಡಿಟ್ಟವರಲ್ಲಿ ಎ.ಕೆ. ರಾಮಾನುಜನ್ ಒಬ್ಬರು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದಾಗಲೇ ಕಥೆ ಸಂಗ್ರಹಿಸತೊಡಗಿದರು. ಅವರು ತೀರಿಕೊಂಡದ್ದು 1993ರಲ್ಲಿ. ಅವರು ಇಂಗ್ಲಿಷಿಗೆ ತಂದ 77 ಕನ್ನಡ ಕಥೆಗಳ ಸಂಪುಟ 1997ರಲ್ಲಿ ಹೊರಬಂತು.

ಅವರು ಕೂಡಿಟ್ಟ ಎರಡು ಕನ್ನಡ ಕಥೆಗಳನ್ನು ನಾನು ಜೊತೆಯಾಗಿಟ್ಟು ನೋಡುತ್ತೇನೆ. ಒಂದರಲ್ಲಿ ಹುಡುಗಿಯೊಬ್ಬಳು ಸತ್ತಂತೆ ಬಿದ್ದಿದ್ದ ರಾಜಕುಮಾರನನ್ನು ವರ್ಷಗಟ್ಟಲೆ ಆರೈಕೆ ಮಾಡುತ್ತಾಳೆ. ಅವನು ಎಚ್ಚರಗೊಳ್ಳುವ ಹೊತ್ತಿಗೆ ಬೇರೊಬ್ಬಳು ಹೆಂಡತಿಯ ಜಾಗದಲ್ಲಿ ಕೂತಿರುತ್ತಾಳೆ, ಇವಳು ಆಳಾಗುತ್ತಾಳೆ. ಇವಳು ಬೇಡುವುದು ಒಂದು ಮಾತನಾಡುವ ಗೊಂಬೆಯನ್ನು ಮಾತ್ರ. ರಾತ್ರಿ ಆ ಗೊಂಬೆಗೆ ತನ್ನ ಕಥೆ ಹೇಳಿಕೊಳ್ಳುತ್ತಾಳೆ. ಅದು ರಾಜಕುಮಾರನ ಕಿವಿಗೆ ಬೀಳುತ್ತದೆ, ನಿಜ ಬಯಲಾಗುತ್ತದೆ.

ಇನ್ನೊಂದರ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತವೆ. ಯಾರಿಗೂ ಹೇಳಳು. ಒಳಗೆ ಉಸಿರುಗಟ್ಟಿದ ಅವು ಅವಳು ಮಲಗಿದ್ದಾಗ ಹೊರಬಿದ್ದು, ಕಥೆ ಬಾಗಿಲಲ್ಲಿ ಒಂದು ಜೊತೆ ಜೋಡಾಗುತ್ತದೆ, ಹಾಡು ಗೂಟದ ಮೇಲೆ ಗಂಡಸಿನ ಕೋಟಾಗುತ್ತದೆ. ಗಂಡನಿಗೆ ಅನುಮಾನ, ಜಗಳ. ಅವನು ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಊರ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ಯೋತಿಗಳು ಅಲ್ಲಿಯೇ ಸೇರಿ ಹರಟೆ ಹೊಡೆಯುವುದು ವಾಡಿಕೆ. ಅವುಗಳ ಮಾತಿನಿಂದ ಅವನಿಗೆ ನಿಜ ತಿಳಿಯುತ್ತದೆ. ಬೆಳಗ್ಗೆ ಮನೆಗೆ ಬಂದು ಕೇಳಿದರೆ ಅವಳಿಗೆ ಕಥೆಯೂ ಮರೆತಿದೆ, ಹಾಡೂ ಮರೆತಿದೆ!

1988ರಲ್ಲಿ ಗಿರೀಶ ಕಾರ್ನಾಡರ 'ನಾಗಮಂಡಲ' ಈ ಜ್ಯೋತಿಗಳನ್ನು ರಂಗಕ್ಕೆ ತಂದಿತು. ಅಲ್ಲಿ ಕಥೆಯೇ ಸೀರೆಯುಟ್ಟು ಹೆಣ್ಣಾಗಿ ಬರುತ್ತಾಳೆ.

ಅನುಮಾನ ಕಳೆಯಿತಲ್ಲ, ಇನ್ನೇನು ಎನ್ನಬಹುದು. ನನಗೆ ಸಂಕಟವಾಗುವುದು ಆ ಮರೆವಿಗೆ. ಗೊಂಬೆಯ ಮುಂದೆ ಬಾಯಿಬಿಟ್ಟವಳಿಗೆ ಬಾಳು ಮರಳಿತು. ಸುಮ್ಮನಿದ್ದವಳಿಗೆ ಸಂಸಾರ ಉಳಿದರೂ ತನ್ನದೆಂಬುದೊಂದು ಹೋಯಿತು. ತರಗತಿಯಲ್ಲಿಯೂ ಇದನ್ನು ಕಾಣುತ್ತೇನೆ. ಎದ್ದು ನಿಂತು ಉತ್ತರ ಹೇಳಲು ಅಂಜುವ ಹುಡುಗಿ ಕೈಗೆ ಗೊಂಬೆ ಸಿಕ್ಕರೆ ಅದರ ಬಾಯಿಂದ ತನ್ನ ಮಾತೆಲ್ಲ ಆಡಿಬಿಡುತ್ತಾಳೆ. ಅವಳಿಗೆ ಬೇಕಾದದ್ದು ಆಟವೆಂಬ ಒಂದು ನೆಪ.

ಕೆಲಸ ಮುಗಿಯಲಿ, ಪುರುಸೊತ್ತಾಗಲಿ ಎಂದು ನಾವು ಎಷ್ಟು ಕಥೆಗಳನ್ನು ಮುಂದೂಡಿಲ್ಲ? ಅಕ್ಕತಂಗಿಯರೇ, ಬರೆಯಲು ಬಾರದಿದ್ದರೆ ಹೇಳಿ. ಕೇಳಲು ಯಾರಿಲ್ಲದಿದ್ದರೆ ಮೊಮ್ಮಗಳ ಗೊಂಬೆಯಾದರೂ ಇದ್ದೇ ಇದೆ.