ಇನ್‌ಸ್ಪೆಕ್ಷನ್ ದಿನ ನನಗೆ ಮಾತ್ರ ರಜೆ ಯಾಕೆ?

ಇವತ್ತಿನ ಕಥೆ ಶುರುವಾಗೋದು ನನ್ನ ಮೂರನೇ ಕ್ಲಾಸಿನಿಂದ. ಶಾಲೆಗೆ ಇನ್‌ಸ್ಪೆಕ್ಟರ್ ಬರೋ ಹಿಂದಿನ ದಿನ ಮೇಷ್ಟ್ರು ನನ್ನನ್ನ ಕರೆದು, 'ನಾಳೆ ನೀನು ಬರಬೇಡ ಕಣೋ, ಮನೇಲೇ ಇರು' ಅಂದ್ರು. ದಶಕದಿಂದ ಸಾಲ ತಗೊಂಡು ಕಳೆಯೋ ಲೆಕ್ಕ ನನಗೆ ಬರ್ತಿರಲಿಲ್ಲ. ರಜೆ ಸಿಕ್ತು ಅಂತ ಕುಣಿದಾಡಿದ್ದೆ. ಆ ರಜೆಯ ಅರ್ಥ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ, ಇಂಗ್ಲೆಂಡಿನ ಚರಿತ್ರೆ ಓದುವಾಗ.

1862ನೇ ಇಸವಿ. ಅಲ್ಲಿನ ಸರ್ಕಾರ ಶಾಲೆಗಳಿಗೆ ಕೊಡುತ್ತಿದ್ದ ದುಡ್ಡು ಏರ್ತಾನೇ ಇತ್ತು. ಇಷ್ಟು ಖರ್ಚಾದರೂ ಮಕ್ಕಳು ಕಲೀತಿದ್ದಾರಾ? ನ್ಯಾಯವಾದ ಪ್ರಶ್ನೆಯೇ. ಶಿಕ್ಷಣ ಇಲಾಖೆಯ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಹೊಸ ನಿಯಮ ತಂದರು: ಫಲಿತಾಂಶ ನೋಡಿ ಅನುದಾನ. ಹಾಜರಾತಿ ಸರಿಯಿದ್ದ ಮಕ್ಕಳನ್ನು ಇನ್‌ಸ್ಪೆಕ್ಟರ್ ಓದು, ಬರಹ, ಲೆಕ್ಕದಲ್ಲಿ ಪರೀಕ್ಷಿಸಬೇಕು. ಮೂರರಲ್ಲೂ ಪಾಸಾದರೆ ಒಂದು ಮಗುವಿಗೆ 8 ಶಿಲ್ಲಿಂಗ್. ಒಂದರಲ್ಲಿ ಫೇಲಾದರೂ ಅದರಲ್ಲಿ ಮೂರನೇ ಒಂದು ಭಾಗ ಕಟ್.

ಆಮೇಲೇನಾಯ್ತು? ಬಹಳಷ್ಟು ಕಡೆ ಮೇಷ್ಟ್ರ ಸಂಬಳವೇ ಈ ದುಡ್ಡಿನ ಮೇಲೆ ನಿಂತಿತ್ತು. ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿದರು. ಇತಿಹಾಸ, ಭೂಗೋಳ ಮೂಲೆ ಸೇರಿದವು. ಹುಷಾರಿಲ್ಲದ ಮಕ್ಕಳನ್ನೂ ಪರೀಕ್ಷೆಗೆ ಕರೆತಂದರು. ಕವಿ ಮ್ಯಾಥ್ಯೂ ಆರ್ನಾಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದರು. ಪಾಠ ಯಾಂತ್ರಿಕವಾಗಿಬಿಟ್ಟಿದೆ ಎಂದು ವರದಿಯಲ್ಲೇ ಬರೆದರು. ಆ ಪದ್ಧತಿ ಪೂರ್ತಿ ಹೋಗಲು 1890ರ ದಶಕವೇ ಬರಬೇಕಾಯ್ತು.

ಹಾಗಾದ್ರೆ ಅಳೆಯೋದೇ ತಪ್ಪಾ? ಅಲ್ಲ. 1995ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 'ನಲಿ ಕಲಿ' ಶುರುವಾಯ್ತು. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ಸರ್ಕಾರಿ ಶಾಲೆ ಶಿಕ್ಷಕರೇ ಅದನ್ನು ಕಟ್ಟಿದರು. ಅಲ್ಲಿ ಕಲಿಕೆಗೊಂದು ಏಣಿ. ಮೌಲ್ಯಮಾಪನವೂ ಅದೇ ಏಣಿಯ ಮೆಟ್ಟಿಲು. ಬರಲಿಲ್ವಾ? ಇನ್ನೊಂದಿಷ್ಟು ಅಭ್ಯಾಸ, ಆಮೇಲೆ ಮುಂದಕ್ಕೆ.

ಎರಡೂ ಕಡೆ ಪ್ರಶ್ನೆ ಒಂದೇ: ಈ ಮಗುವಿಗೆ ಲೆಕ್ಕ ಬರುತ್ತಾ? ಒಂದು ಕಡೆ ಉತ್ತರ ಅನುದಾನದ ಕಡತಕ್ಕೆ ಹೋಯ್ತು. ಇನ್ನೊಂದು ಕಡೆ, ಮಗುವಿನ ಪಕ್ಕ ಕೂತ ಶಿಕ್ಷಕರಿಗೆ.

ನಮ್ಮ ಮೇಷ್ಟ್ರು ಕೆಟ್ಟವರಲ್ಲ, ಅವರಿಗೂ ಭಯ ಇತ್ತು. ಆದರೆ ಮರುದಿನ ಶಾಲೆಗೆ ಒಳ್ಳೆ ಹೆಸರು ಬಂತು, ನನಗೆ ಕಳೆಯೋ ಲೆಕ್ಕ ಮಾತ್ರ ಬರಲಿಲ್ಲ. ನಿಮ್ಮ ಕ್ಲಾಸಲ್ಲಿ ಇನ್‌ಸ್ಪೆಕ್ಷನ್ ದಿನ ಯಾರ ಜಾಗ ಖಾಲಿ ಇತ್ತು? ಒಮ್ಮೆ ನೆನಪು ಮಾಡ್ಕೊಳ್ಳಿ.