ಪೆಟ್ಟಿಗೆಯ ವಾದ್ಯಕ್ಕೆ ವಿದ್ಯುತ್ತಿನ ಕಿವಿ

ವಾಚಕರೆ, ನಮ್ಮ ಅರಳಗುಪ್ಪೆಯ ಕಲ್ಲೇಶ್ವರನ ಗುಡಿಯನ್ನು ಹೊಕ್ಕವರು ತಲೆಯೆತ್ತಿ ನೋಡದೆ ಹಿಂದಿರುಗಬಾರದು. ಒಂಬತ್ತನೆಯ ಶತಮಾನದ ಆ ಗುಡಿಯ ಭುವನೇಶ್ವರಿಯಲ್ಲಿ ಶಿವನು ಕುಣಿಯುತ್ತಿದ್ದಾನೆ, ಬಳಿಯಲ್ಲಿ ವಾದ್ಯಗಾರರಿದ್ದಾರೆ. ಆ ಕಾಲದ ವಾದಕನು ನಾದವನ್ನು ಹಿಗ್ಗಿಸಬೇಕಾದರೆ ಒಂದು ಟೊಳ್ಳನ್ನೇ ನಂಬಬೇಕಾಗಿತ್ತು: ಸೋರೆಯ ಬುರುಡೆ, ಕೊರೆದ ಮರ, ಮಡಕೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಬಡವರು ಬರಿದಾದ ಚುಟ್ಟದ ಪೆಟ್ಟಿಗೆಗೆ ಕೋಲು ಸಿಕ್ಕಿಸಿ ತಂತಿ ಬಿಗಿದುದೂ ಇದೇ ನಂಬಿಕೆಯಿಂದ.

ಅಂಥದೇ ಪೆಟ್ಟಿಗೆಯ ವಾದ್ಯವೊಂದನ್ನು ನನ್ನ ತರಗತಿಯ ಹುಡುಗನೊಬ್ಬ ಮಾಡಿ ತಂದ. ಉಕ್ಕಿನ ತಂತಿ ಎರಡು, ಮಂದ್ರಕ್ಕೆ ಹಿತ್ತಾಳೆಯದು ಒಂದು. ಶಾಲೆಯ ಸಮಾರಂಭದಲ್ಲಿ ಹಿಂದಿನ ಸಾಲಿಗೂ ಕೇಳಿಸಲೆಂದು ಗಿಟಾರಿನ ಪಿಕಪ್ ತರಿಸಿ ಕೂರಿಸಿದ್ದ. ಧ್ವನಿವರ್ಧಕ ಹಚ್ಚಿದರೆ ಉಕ್ಕು ಹಾಡಿತು, ಹಿತ್ತಾಳೆ ಮೂಕವಾಯಿತು! ವ್ಯಾಕರಣ ಕಲಿಸುವ ನನಗೆ ಈ ಸೂತ್ರ ಬಿಡಿಸಲಾಗದೆ ವಿಜ್ಞಾನದ ಮೇಷ್ಟರ ಮೊರೆಹೊಕ್ಕೆ.

ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಅದೇ ಪಿಕಪ್. ಅದರ ಮೇಲೆ ಉಕ್ಕು ಅದುರಿದಾಗ ಕಾಂತಕ್ಷೇತ್ರ ಕದಡಿ ಸುರುಳಿಯಲ್ಲಿ ಕಿರುವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡ ತತ್ತ್ವವಿದು. ನೂರು ವರ್ಷದ ಮೇಲೆ, 1931ರಲ್ಲಿ, ಜಾರ್ಜ್ ಬೀಚಮ್ ಎಂಬ ಅಮೆರಿಕನ್ ವಾದಕನು ಅದನ್ನು ಗಿಟಾರಿಗೆ ಅಳವಡಿಸಿದ. ಆ ಗಿಟಾರು ಅಲ್ಯೂಮಿನಿಯಮ್ಮಿನ ಎರಕ. ಆಕಾರ ನೋಡಿ ಜನ ಅದನ್ನು ಬಾಣಲೆಯೆಂದೇ ಕರೆದರು. ಮರದ ಒಡಲೇ ಬೇಡವಾಯಿತು ನೋಡಿ! ಅಂಥ ಕಿವಿಗೆ ಉಕ್ಕಿನ ಮಾತು ಮಾತ್ರ ಕೇಳುತ್ತದೆ. ಪೆಟ್ಟಿಗೆಯದು ಬೀಳುವುದು ಅತ್ಯಲ್ಪ. ವೀಣೆಯ ಮಂದ್ರಕ್ಕೆ ಹಿತ್ತಾಳೆ ಕಟ್ಟುವ ವಾಡಿಕೆಯುಳ್ಳ ನಾಡಿಗೆ ಇದು ಸಣ್ಣ ತೊಡಕಲ್ಲ.

ಮೈಕಿನ ಬಗೆ ಬೇರೆ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಆರಂಭಿಸಿದಾಗಲೂ ಅದು ಹಿಡಿದದ್ದು ಗಾಳಿಯಲ್ಲಿ ತೇಲಿಬಂದ ನಾದವನ್ನು. ಅದರಲ್ಲಿ ಮರವೂ ಇರುತ್ತದೆ, ಕೇಳುಗರ ಕೆಮ್ಮೂ ಇರುತ್ತದೆ.

ಮೂರನೆಯ ದಾರಿಯೊಂದುಂಟು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು 1880ರಲ್ಲಿ ಪ್ಯಾರಿಸಿನ ಕ್ಯೂರಿ ಸೋದರರು ತೋರಿಸಿದ್ದರು. ಅದೇ ಗುಣದ ತೆಳು ಬಿಲ್ಲೆಯೊಂದು ಮೇಷ್ಟರ ಕೆಟ್ಟ ಅಲಾರಂ ಗಡಿಯಾರದೊಳಗೆ ಸಿಕ್ಕಿತು. ಹುಡುಗ ಅದನ್ನು ಪೆಟ್ಟಿಗೆಯ ಒಳಮೈಗೆ ಅಂಟಿಸಿದ. ತಂತಿಯ ಲೋಹ ಯಾವುದಾದರೇನು, ಹಲಗೆ ಅದುರಿದರೆ ಬಿಲ್ಲೆಗೆ ಸಾಕು. ಹಿತ್ತಾಳೆ ಬಾಯಿಬಿಟ್ಟಿತು, ಅದರೊಡನೆ ಪೆಟ್ಟಿಗೆಯ ಒರಟು ಕಂಠವೂ ಹೊರಬಂತು. ಉಗುರು ತಾಗಿದ ಸದ್ದೂ ಮದ್ದಲೆಯಂತೆ ಗುಡುಗಿ ಸಭೆ ನಕ್ಕಿತೆನ್ನಿ.

ಈಗ ಅವನಿಗೆ ಕರಟದ ಏಕತಾರಿಯ ಹಂಬಲ. ಉಂಡೆಕೊಬ್ಬರಿಗಾಗಿ ಚಿಪ್ಪನ್ನು ಚೂರುಚೂರಾಗಿ ಒಡೆಯುವ ನಮ್ಮ ಸೀಮೆಯಲ್ಲಿ ಮುಕ್ಕಾಗದ ದೊಡ್ಡ ಕರಟ ಸಿಗುವುದೇ ಕಷ್ಟ, ಮನೆಮನೆ ಸುತ್ತುತ್ತಿದ್ದಾನೆ.