ಒಂದೇ ಅಚ್ಚಿನ ದಾಯಾದಿಗಳು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಶೂ ಡಬ್ಬಿ ಇದೆ. ಅದರೊಳಗೆ ಅರ್ಧಂಬರ್ಧ ಬಣ್ಣ ಬಳಿದ 22 ಸೈನಿಕರು ಮೂರು ವರ್ಷದಿಂದ ಯುದ್ಧಕ್ಕೆ ಕಾಯುತ್ತಿದ್ದಾರೆ. ಟೇಬಲ್ ಮೇಲೆ ಬೊಂಬೆ ಜೋಡಿಸಿ, ಅಳತೆಪಟ್ಟಿ ಹಿಡಿದು, ದಾಳ ಉರುಳಿಸಿ ಭವಿಷ್ಯದ ಯುದ್ಧಗಳನ್ನು ಆಡುವ ವಾರ್‌ಗೇಮಿಂಗ್ ಹುಚ್ಚು ನಿಮಗೂ ಇದ್ದರೆ, ಇಂಥದ್ದೊಂದು ಡಬ್ಬಿ ನಿಮ್ಮಲ್ಲೂ ಇರುತ್ತೆ. ಆಡೋಣ ಬಾ ಅಂದರೆ ಗೆಳೆಯನದು ಒಂದೇ ಉತ್ತರ: "ನನ್ನ ಸೈನ್ಯ ಇನ್ನೂ ರೆಡಿ ಇಲ್ಲ ಮಗಾ."

ಅದಕ್ಕೇ ಈ ಸಲ ಚಿಕ್ಕ ಅಳತೆಯ ಕತೆ ಹೇಳ್ತೀನಿ.

ನಾವು ಸಾಮಾನ್ಯವಾಗಿ ಆಡುವ 28 ಮಿ.ಮೀ. ಬೊಂಬೆ ನಿಜವಾದ ಮನುಷ್ಯನ ಸುಮಾರು 60ನೇ ಒಂದು ಭಾಗ. ಅದರ ಕೈಲಿರುವ ಬಂದೂಕು ಟೇಬಲ್ ಮೇಲೆ 24 ಇಂಚು ದೂರ ಹೊಡೆಯುತ್ತೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಅದು ಬರೀ 37 ಮೀಟರ್! ನಕ್ಷತ್ರಗಳ ನಡುವೆ ಓಡಾಡುವವರ ಬಂದೂಕು ಎದುರು ಬೀದಿಯನ್ನೂ ಮುಟ್ಟಲ್ಲ. ಬೊಂಬೆಯನ್ನು 6 ಮಿ.ಮೀ.ಗೆ ಇಳಿಸಿ, ಅಂದರೆ ಸುಮಾರು 300ನೇ ಒಂದು ಭಾಗಕ್ಕೆ. ಅದೇ 24 ಇಂಚು ಈಗ 180 ಮೀಟರ್ ದಾಟುತ್ತೆ. ಊಟದ ಟೇಬಲ್ ಮೇಲೆ ಒಂದು ಇಡೀ ಬಡಾವಣೆ ಕೂರುತ್ತೆ.

ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡಿದ್ದು ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್. 1987ರಲ್ಲಿ ಅವರ 'ವಾರ್‌ಹ್ಯಾಮರ್ 40,000' ಬಂತು. ಆ ಲೋಕದಲ್ಲಿ ಟೈಟನ್ ಎಂಬ ರಾಕ್ಷಸ ಯಂತ್ರಗಳಿವೆ, ಕಟ್ಟಡದಷ್ಟು ಎತ್ತರ. ದೊಡ್ಡ ಅಳತೆಯಲ್ಲಿ ಅಂಥವನ್ನು ಟೇಬಲ್ ಮೇಲೆ ತರೋದು ಕಷ್ಟ. ಹಾಗಾಗಿ 1988ರಲ್ಲಿ ಜರ್ವಿಸ್ ಜಾನ್ಸನ್ ರೂಪಿಸಿದ 'ಅಡೆಪ್ಟಸ್ ಟೈಟಾನಿಕಸ್' ಚಿಕ್ಕ ಅಳತೆಯಲ್ಲೇ ಬಂತು.

ಆದರೆ ಒಂದು ತೊಡಕಿತ್ತು. ಪ್ಲಾಸ್ಟಿಕ್ ಬೊಂಬೆಗೆ ಬೇಕಾದ ಲೋಹದ ಅಚ್ಚು ಭಾರೀ ದುಬಾರಿ. ಎರಡೂ ಪಕ್ಷಕ್ಕೆ ಬೇರೆ ಬೇರೆ ಟೈಟನ್ ಮಾಡಿಸುವ ಬದಲು ಒಂದೇ ಅಚ್ಚಿನಲ್ಲಿ ಮುಗಿಸಬೇಕಿತ್ತು. ಸರಿ, ಒಂದೇ ಥರದ ಯಂತ್ರಗಳು ತಮ್ಮತಮ್ಮಲ್ಲೇ ಯಾಕೆ ಹೊಡೆದಾಡುತ್ತವೆ? ಅವರು ಕೊಟ್ಟ ಉತ್ತರ ನಮಗೆ ಚಿರಪರಿಚಿತ: ದಾಯಾದಿ ಕಲಹ. ಚಕ್ರವರ್ತಿಯ ಮೆಚ್ಚಿನ ಮಗ ಹೋರಸ್ ದಂಗೆ ಎದ್ದ, ಸಾಮ್ರಾಜ್ಯದ ಸೈನ್ಯ ಎರಡು ಹೋಳಾಯಿತು. 1989ರ 'ಸ್ಪೇಸ್ ಮರೀನ್' ಆಟದಲ್ಲೂ ಅಷ್ಟೇ, ಎರಡೂ ಕಡೆ ಅದೇ ಸೈನಿಕರು.

ಖರ್ಚು ಉಳಿಸಲು ಹುಟ್ಟಿದ ಈ ಕತೆಯೇ ಆ ಲೋಕದ ಮಹಾಭಾರತವಾಯಿತು. 2006ರಲ್ಲಿ ಡ್ಯಾನ್ ಆಬ್ನೆಟ್ ಬರೆದ 'ಹೋರಸ್ ರೈಸಿಂಗ್'ನಿಂದ ಶುರುವಾದ ಪುಸ್ತಕಮಾಲೆ 50 ಸಂಪುಟಗಳನ್ನೂ ದಾಟಿತು. ಚಿಕ್ಕ ಬೊಂಬೆಗಳು ಮಾತ್ರ ನಡುವೆ ಅಂಗಡಿಗಳಿಂದ ಮರೆಯಾದವು. ಅಭಿಮಾನಿಗಳು ಬಿಡಲಿಲ್ಲ. ಹಳೇ ನಿಯಮಗಳನ್ನು ತಾವೇ ತಿದ್ದಿಕೊಂಡು ಆಡುತ್ತಲೇ ಇದ್ದರು. ಕೊನೆಗೆ 2023ರಲ್ಲಿ 'ಲೀಜನ್ಸ್ ಇಂಪೀರಿಯಾಲಿಸ್' ಹೆಸರಲ್ಲಿ ಪುಟ್ಟ ಸೈನ್ಯಗಳು ಮರಳಿದವು, ಅದೇ ದಾಯಾದಿ ಕಲಹದ ಜೊತೆ.

ಇದನ್ನೆಲ್ಲ ಓದಿದ ಮೇಲೆ ನನಗೆ ಸ್ವಲ್ಪ ನಾಚಿಕೆ ಆಯ್ತು. ದುಡ್ಡು ಸಾಲದೆ ಅವರು ಒಂದು ಲೋಕ ಕಟ್ಟಿದರು. ನಾನು ಎಲ್ಲ ಸರಿಹೋಗಲಿ ಅಂತ ಮೂರು ವರ್ಷ ಕಾದೆ.

ಕಳೆದ ತಿಂಗಳು ಗೆಳೆಯನೂ ನಾನೂ ಸೇರಿ 6 ಮಿ.ಮೀ. ಸೈನಿಕರ ಒಂದೇ ಪೊಟ್ಟಣ ತರಿಸಿ ಸಮಪಾಲು ಮಾಡಿಕೊಂಡೆವು. ಅವನದು ಕೆಂಪು, ನನ್ನದು ನೀಲಿ. ಇಷ್ಟು ಚಿಕ್ಕ ಬೊಂಬೆಗೆ ಕಣ್ಣು, ಮೂಗು ಬರೆಯುವ ತಲೆನೋವಿಲ್ಲ, ಎರಡು ಸಂಜೆಯಲ್ಲಿ ಬಣ್ಣದ ಕೆಲಸ ಮುಗೀತು. ಬೆಂಕಿಪೊಟ್ಟಣಗಳೇ ಕಟ್ಟಡ. ಭಾನುವಾರ ಆಡಿದ್ವಿ, ನಾನು ಸೋತೆ. ಮುಂದಿನ ಭಾನುವಾರ ಮತ್ತೆ ಇದೆ. ನಿಮ್ಮ ಹತ್ತಿರ ಸೈನ್ಯ ಇಲ್ಲದಿದ್ದರೂ ಬನ್ನಿ, ನನ್ನದರಲ್ಲೇ ಅರ್ಧ ಕೊಡ್ತೀನಿ.